ಕಾಸರಗೋಡಿನ ಗುಡ್ಡ ಹತ್ತಲು ದುಬಾರಿ ಟ್ರೆಕಿಂಗ್ ಸಾಮಾನು ಬೇಕಾ, ಮನೆಯ ಕಂಬಳಿ, ಕೊಡೆ ಸಾಕಾ?

ಮಳೆ ಪೂರ್ತಿ ನಿಲ್ಲುವ ಮೊದಲೇ ಕಾಸರಗೋಡಿನ ರಾಣಿಪುರಂ ಗುಡ್ಡ ಹತ್ತಿ, ಆ ರಾತ್ರಿ ಗೆಳೆಯರ ಜಾಗದಲ್ಲಿ ಟೆಂಟ್ ಹಾಕುತ್ತೇವೆ ಅಂದಿದ್ದೀರಿ. ಜಾಕೆಟ್, ಶೂ, ಸ್ಲೀಪಿಂಗ್ ಬ್ಯಾಗ್ ಎಲ್ಲ ಹೊಸದೇ ಬೇಕಾ ಅಂತ ಕೇಳಿದ್ದೀರಿ. ನಾನು ಪೆರ್ಲದ ಕಡೆಯವನು, ಮಳೆಗಾಲದಲ್ಲೂ ಗುಡ್ಡ ಸುತ್ತುವವನು. ನನ್ನ ಸಲಹೆ ಇಷ್ಟು: ಮೊದಲ ದುಡ್ಡು ತಲೆಗೆ ಕಟ್ಟುವ ಟಾರ್ಚಿಗೆ ಹಾಕಿ. ದುಬಾರಿ ಮಳೆ ಜಾಕೆಟ್ ಬೇಡ.

ಜಾಕೆಟ್ ಯಾಕೆ ಬೇಡ? ಗೋರ್‌ಟೆಕ್ಸ್‌ನಂಥ ಬಟ್ಟೆಯಲ್ಲಿ ಒಂದು ತೆಳು ಪೊರೆ ಇರುತ್ತದೆ. ಮಳೆಹನಿ ಒಳಗೆ ಬರುವುದಿಲ್ಲ, ಬೆವರು ಮಾತ್ರ ಆವಿಯಾಗಿ ಹೊರಗೆ ಹೋಗಬೇಕು. ಆದರೆ ಒಳಗಿನ ಗಾಳಿಗಿಂತ ಹೊರಗಿನ ಗಾಳಿಯಲ್ಲಿ ತೇವ ಬಹಳ ಕಡಿಮೆ ಇದ್ದರೆ ಮಾತ್ರ ಆವಿ ಚೆನ್ನಾಗಿ ಹೊರಗೆ ಹೋಗುತ್ತದೆ. ಚಳಿಯ ಬೆಟ್ಟಗಳಲ್ಲಿ ಆ ವ್ಯತ್ಯಾಸ ಚೆನ್ನಾಗಿರುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಮಳೆಗಾಲದ ಗಾಳಿಯೇ ಬೆಚ್ಚಗೆ, ಒದ್ದೆ. ಬೆವರು ಹೋಗುವುದಾದರೂ ಎಲ್ಲಿಗೆ? ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಜಾಕೆಟ್ಟಿನೊಳಗೆ ಅಂಗಿ ಹಿಂಡಿದರೆ ನೀರು ಬರುತ್ತದೆ.

ನಮ್ಮ ಗದ್ದೆಗಳಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹೆಂಗಸರು ಗೊರಬೆ ಹಾಕುತ್ತಿದ್ದರು. ಬಿದಿರ ಸೀಳು ಮತ್ತು ಎಲೆ ಹೆಣೆದು ಮಾಡಿದ್ದು. ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುತ್ತದೆ, ಎರಡೂ ಕೈ ಖಾಲಿ, ಕೆಳಗಿನಿಂದ ಗಾಳಿ ಸರಾಗ. ಈ ಊರಿನ ಮಳೆಯನ್ನು ಅರಿತು ಮಾಡಿದ ಸಾಧನ ಅದು, ನನಗೆ ಅದರ ಮೇಲೆ ಬಹಳ ಗೌರವ. ಕಾಡುದಾರಿಯಲ್ಲಿ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಅದನ್ನೇ ಹುಡುಕಿಕೊಂಡು ಹೋಗಬೇಡಿ. ಬಗಲು ತೆರೆದಿರುವ ಪೋಂಚೋ, ಅಂದರೆ ತಲೆಯ ಮೇಲಿಂದ ಇಳಿಬಿಡುವ ಮಳೆಹೊದಿಕೆ, ತಗೊಳ್ಳಿ. ಬಯಲು ಹುಲ್ಲಿನಲ್ಲಿ ಗಾಳಿ ಇಲ್ಲದಿದ್ದರೆ ಕೊಡೆಯೂ ಆಗುತ್ತದೆ.

ಕಂಬಳಿಯ ಮಾತು ಬೇರೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ, ಕಿಡಿ ಬಿದ್ದರೆ ನೈಲಾನಿನ ಹಾಗೆ ಕರಗುವುದಿಲ್ಲ. ಹಳೆಯ ಬಟ್ಟೆ ಅಂದರೆ ಕಳಪೆ ಅಂತಲೂ ಅಲ್ಲ. 1924ರಲ್ಲಿ ಎವರೆಸ್ಟಿಗೆ ಹೋಗಿ ಅಲ್ಲೇ ತೀರಿಕೊಂಡ ಬ್ರಿಟಿಷ್ ಪರ್ವತಾರೋಹಿ ಜಾರ್ಜ್ ಮ್ಯಾಲರಿ ರೇಷ್ಮೆ, ಹತ್ತಿ, ಉಣ್ಣೆಯ ತೆಳು ಪದರಗಳನ್ನು ಒಂದರ ಮೇಲೊಂದು ಹಾಕಿದ್ದರು. ಅವರ ದೇಹ 1999ರಲ್ಲಿ ಸಿಕ್ಕಿತು. ಅದೇ ತರದ ಬಟ್ಟೆ ಮತ್ತೆ ಹೊಲಿಸಿ 2006ರಲ್ಲಿ ಎವರೆಸ್ಟಿನಲ್ಲೇ ಹಾಕಿ ನೋಡಿದಾಗ ಹಗುರವಾಗಿತ್ತು, ಬೆಚ್ಚಗೂ ಇತ್ತು. ಆದರೆ ನಮ್ಮ ಕಂಬಳಿ ತೆಳು ಪದರ ಅಲ್ಲ. ಪೂರ್ತಿ ನೆನೆದರೆ ಹೊರೆ, ಮಳೆಗಾಲದಲ್ಲಿ ಬೇಗ ಒಣಗುವುದೂ ಇಲ್ಲ. ಕಾರು ಹೋಗುವ ಜಾಗವಾದರೆ ಖಂಡಿತ ತನ್ನಿ. ಹೊತ್ತುಕೊಂಡು ಹೋಗುವುದಾದರೆ ಕೃತಕ ನಾರು ತುಂಬಿದ ತೆಳು ಸ್ಲೀಪಿಂಗ್ ಬ್ಯಾಗ್ ಸಾಕು. ಹಕ್ಕಿಯ ಗರಿ ತುಂಬಿದ್ದು ಬೇಡ, ಒದ್ದೆಯಾದರೆ ಅದು ಮುದ್ದೆ ಕಟ್ಟುತ್ತದೆ.

ಟಾರ್ಚಿನ ವಿಷಯದಲ್ಲಿ ಯೋಚನೆಯೇ ಬೇಡ. ಹಿಂದೆ ರಾತ್ರಿ ನಡೆಯಲು ತೆಂಗಿನ ಗರಿಯ ಸೂಟೆ ಇತ್ತು. ಒಣ ಹುಲ್ಲಿನ ಗುಡ್ಡದಲ್ಲಿ ಅದರ ಒಂದು ಕಿಡಿ ಸಾಕು, ಇಡೀ ಇಳಿಜಾರು ಹೊತ್ತಿಕೊಳ್ಳಲು. ಎಲ್‌ಇಡಿ ಟಾರ್ಚ್ ತಲೆಗೆ ಕಟ್ಟಿದರೆ ಕೈಗಳು ಖಾಲಿ, ಹಾವೂ ಕಾಣುತ್ತದೆ.

ಶೂ ವಾಟರ್‌ಪ್ರೂಫ್ ಬೇಡ. ಮೇಲಿನಿಂದ ನೀರು ಹೋದ ಮೇಲೆ ಅದು ಹೊರಗೆ ಬರುವುದೇ ಇಲ್ಲ. ಬಲೆಬಟ್ಟೆಯ, ಒಳ್ಳೆ ಹಿಡಿತದ ಶೂ ಬೇಗ ಒಣಗುತ್ತದೆ. ರಕ್ತ ಹೀರುವ ಇಂಬಳ ಹತ್ತದಂತೆ ಮೊಣಕಾಲುವರೆಗಿನ ಒತ್ತು ನೇಯ್ಗೆಯ ಹತ್ತಿ ಸಾಕ್ಸ್ ಹಾಕಿ, ಅದರ ಮೇಲೆ ಹೊಗೆಸೊಪ್ಪಿನ ಪುಡಿ ಉಜ್ಜಿ. ಹೊಸತೂ ಹಳೆಯದೂ ಇಲ್ಲಿ ಜೊತೆಯಾಗಿಯೇ ಕೆಲಸ ಮಾಡುತ್ತವೆ. ಬೆವರು ಒರೆಸಲು ಒಂದು ಬೈರಾಸು, ತಿನ್ನಲು ಅವಲಕ್ಕಿ, ಬೆಲ್ಲ. ಎನರ್ಜಿ ಬಾರ್ ಬೇಡ.

ಟೆಂಟ್ ಬಗ್ಗೆ ಅಂಗಡಿಯವರು ಹೇಳದ ಒಂದು ಮಾತಿದೆ. ನಮ್ಮ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲುಗಳಲ್ಲಿ, ಮೇಲೆಲ್ಲ ಮುರಕಲ್ಲು, ಗಟ್ಟಿ ಕೆಂಪು ಕಲ್ಲು. ಗೂಟ ಇಳಿಯುವುದಿಲ್ಲ, ಹೊಡೆದರೆ ಬಗ್ಗುತ್ತದೆ. ಗೂಟವಿಲ್ಲದೆ ತಾನೇ ನಿಲ್ಲುವ ಗುಮ್ಮಟದ ತರದ ಟೆಂಟ್ ತಗೊಳ್ಳಿ, ಹಗ್ಗಗಳನ್ನು ದೊಡ್ಡ ಕಲ್ಲಿಗೆ ಕಟ್ಟಿ. ರಾಣಿಪುರಂ ಮೇಲೆ ಮಲಗುವ ಆಸೆ ಬಿಡಿ, ಅದು ಆನೆ ಓಡಾಡುವ ಕಾಡು. ಅರಣ್ಯ ಇಲಾಖೆಯ ಟಿಕೆಟ್ ತಗೊಂಡು ಹತ್ತಿ, ಬೆಳಕಿರುವಾಗಲೇ ಇಳಿಯಬೇಕು. ನಿಮ್ಮ ಪ್ರವಾಸ ಅಕ್ಟೋಬರಿಗೆ ಹೋದರೆ ಮಧ್ಯಾಹ್ನದ ನಂತರ ಗುಡುಗು, ಸಿಡಿಲು ಜಾಸ್ತಿ. ಆಗ ಬೋಳು ಪದವಿನ ಮೇಲೆ ಟೆಂಟ್ ಹಾಕಲೇಬೇಡಿ, ಒಂಟಿ ಮರದ ಕೆಳಗೂ ಬೇಡ. ಮೋಡ ಕಪ್ಪಾಗುತ್ತಿದ್ದಂತೆ ಗೆಳೆಯರ ಮನೆಯೊಳಗೆ ಹೋಗಿಬಿಡಿ. ಯಾವ ಟೆಂಟೂ ಸಿಡಿಲು ತಡೆಯುವುದಿಲ್ಲ.