ತೌಡು ನುಗ್ಗುವ ಹಾಯಿಸ್ಟ್ ಬ್ರೇಕನ್ನು ಮುಚ್ಚುವ ಮುಂಚೆ

ಅಣ್ಣಾ, ನಿಮ್ಮ ಅಕ್ಕಿ ಗಿರಣಿಯಲ್ಲಿ ಮೂಟೆ ಎತ್ತುವ ಹಾಯಿಸ್ಟಿನ ಮೋಟಾರ್ 5 ಎಚ್‌ಪಿ, 1440 ಆರ್‌ಪಿಎಂ. ಹಿಂಬದಿಯ ಡಿಸ್ಕ್ ಬ್ರೇಕಿಗೆ ತೌಡು ಹೊಕ್ಕು ಮೂಟೆ ಜಾರುತ್ತಿದೆ, ಹಾಗಾಗಿ ಪೂರ್ತಿ ಸೀಲ್ ಮಾಡಿದ ಬ್ರೇಕ್ ಮಾಡಿಸಬೇಕು ಅಂದಿದ್ದೀರಿ. ಮಾಡಿಸಿ. ಆದರೆ ಹೊರಗಿನ ಧೂಳು ತಡೆಯುವುದು ಅರ್ಧ ಕೆಲಸ ಅಷ್ಟೇ. ಒಳಗಿನ ಬಿಸಿ, ತೇವ, ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಸವೆದ ಪುಡಿ ಎಲ್ಲಿ ಹೋಗಬೇಕು ಅಂತ ಮೊದಲೇ ಯೋಚಿಸಬೇಕು.

ನಾನು ಒಮ್ಮೆ ಎಲ್ಲ ಸಂದಿಗೂ ಸಿಲಿಕಾನ್ ಬಳಿದು ಮುಚ್ಚಿಬಿಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಒಳಗೆ ನೀರು ಬೆವತು, ತುಕ್ಕು ಹಿಡಿದು, ಲೈನಿಂಗ್ ಪ್ಲೇಟಿಗೆ ಅಂಟಿಕೊಂಡಿತ್ತು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಮೋಟಾರ್ ಗೊರ್ ಅಂತ ಕೂಗಿ ಟ್ರಿಪ್ ಆಗುತ್ತಿತ್ತು. ಆಮೇಲೆ ಅತಿ ತಗ್ಗಿನ ಜಾಗದಲ್ಲಿ ಬ್ರೀದರ್ ಪ್ಲಗ್ (ತೇವ ಆಚೆ ಬಿಟ್ಟು ಧೂಳು ತಡೆಯುವ ಬಿರಡೆ) ಹಾಕಿಸಿದೆ. ಸುಮ್ನೆ ತೂತು ಬಿಡಬೇಡಿ, ಅಲ್ಲಿಂದಲೇ ತೌಡು ಬರುತ್ತದೆ.

ತೌಡು ಬರೀ ಧೂಳಲ್ಲ, ಅದರಲ್ಲಿ ಎಣ್ಣೆ ಇದೆ. ಲೈನಿಂಗಿಗೆ ಹತ್ತಿದರೆ ನುಣುಪಾಗಿ ಹಿಡಿತ ಹೋಗುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ಉಜ್ಜಿ ಮತ್ತೆ ಹಾಕಬೇಡಿ, ಹೊಸದು ಹಾಕಿ. ಹೊಟ್ಟಿನ ಪುಡಿ ಇನ್ನೊಂದು ತರಹ: ಅದರಲ್ಲಿ ಸಿಲಿಕಾ ಜಾಸ್ತಿ, ಆಯಿಲ್ ಸೀಲಿನ ತುಟಿಯನ್ನೂ ಶಾಫ್ಟನ್ನೂ ತಿನ್ನುತ್ತದೆ. ಅದಕ್ಕೇ ಸೀಲಿನ ಹೊರಗೆ ಒಂದು ವಿ-ರಿಂಗ್, ಅಂದರೆ ತುಟಿಯಿರುವ ರಬ್ಬರ್ ಬಳೆ, ಕೂರಿಸಿ. ಅದು ಶಾಫ್ಟ್ ಜೊತೆ ತಿರುಗುತ್ತಾ ಪುಡಿಯನ್ನು ಆಚೆ ಎಸೆಯುತ್ತದೆ. ಬ್ರೇಕ್ ಬಿಡಿಸುವ ಮ್ಯಾಗ್ನೆಟ್‌ಗೂ ಅದು ಎಳೆಯುವ ಪ್ಲೇಟ್‌ಗೂ ನಡುವಿನ ಸಂದಿಗೆ ಸುತ್ತಲೂ ರಬ್ಬರ್ ಪಟ್ಟಿ ಬೇಕು. ಎಲ್ಲರೂ ಮರೆಯುವುದು ಕೈಯಿಂದ ಬ್ರೇಕ್ ಬಿಡಿಸುವ ಲಿವರ್‌ನ ತೂತು. ಬ್ರೇಕ್ ಫ್ಯಾನಿನ ಪಕ್ಕದಲ್ಲೇ ಇರುವುದರಿಂದ ಫ್ಯಾನ್ ಎಳೆಯುವ ಧೂಳೆಲ್ಲ ಅದರ ಮೈಮೇಲೇ ಬೀಳುತ್ತದೆ. ಕೊಳ್ಳುವುದಾದರೆ ಐಪಿ 65 (ಧೂಳು, ನೀರು ತಡೆಯುವ ದರ್ಜೆ) ಕೇಳಿ. ಅದರ 6 ಅಂದರೆ ಧೂಳು ಹೋಗದು, 5 ಅಂದರೆ ನೀರು ಚಿಮ್ಮಿದರೂ ತೊಂದರೆಯಿಲ್ಲ.

ಬಿಸಿಯ ವಿಷಯ. ಎಲ್ಲರೂ ಲೈನಿಂಗ್ ಉಜ್ಜಿ ಬಿಸಿಯಾಗುತ್ತದೆ ಅಂದುಕೊಳ್ಳುತ್ತಾರೆ. ಗಂಟೆಗೆ ಕೆಲವೇ ಸಲ ನಿಲ್ಲಿಸುವ ಹಾಯಿಸ್ಟಿನಲ್ಲಿ ಅದು ಕಮ್ಮಿ. ಮ್ಯಾಗ್ನೆಟ್ಟಿನ ಕಾಯಿಲ್ ಮಾತ್ರ ಮೋಟಾರ್ ಓಡುವಷ್ಟು ಹೊತ್ತೂ ಬಿಸಿಯಾಗುತ್ತಿರುತ್ತದೆ, ಯಾಕೆಂದರೆ ಈ ಬ್ರೇಕನ್ನು ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಕರೆಂಟ್. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಬಿಸಿಗೆ ದಾರಿಯಿಲ್ಲ. ಪ್ಲೇಟನ್ನು ಎಳೆಯುವಾಗ ಪೂರ್ತಿ ವೋಲ್ಟೇಜ್, ಎಳೆದ ಮೇಲೆ ಅರ್ಧ ಕೊಡುವ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಸಿಗುತ್ತದೆ. ವೋಲ್ಟೇಜ್ ಅರ್ಧವಾದರೆ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ಕಾಯಿಲ್ ಆ ತರದ್ದಕ್ಕೆ ಹೊಂದುತ್ತದಾ ಅಂತ ಕೇಳಿಕೊಳ್ಳಿ.

ಬ್ರೇಕಿನ ಟಾರ್ಕ್ (ತಿರುಗುವುದನ್ನು ಹಿಡಿಯುವ ಬಲ) ಲೆಕ್ಕ ಸುಲಭ, ಮೋಟಾರಿನ ಟಾರ್ಕಿನಿಂದ ಶುರು ಮಾಡಿ. 9550 ಅನ್ನು 3.7 ಕಿಲೋವ್ಯಾಟ್‌ನಿಂದ ಗುಣಿಸಿ 1440ರಿಂದ ಭಾಗಿಸಿದರೆ ಸುಮಾರು 24.5 ನ್ಯೂಟನ್ ಮೀಟರ್. ಹಾಯಿಸ್ಟ್ ಅಲ್ವಾ, ದುಪ್ಪಟ್ಟು, ಅಂದರೆ 50 ಇಟ್ಟುಕೊಳ್ಳಿ.

ಇನ್ನೊಂದು, ಲೈನಿಂಗ್ ಸವೆದಂತೆ ಮ್ಯಾಗ್ನೆಟ್ ಮತ್ತು ಪ್ಲೇಟಿನ ಸಂದಿ ದೊಡ್ಡದಾಗಿ ಕಾಯಿಲ್‌ಗೆ ಎಳೆಯಲು ಆಗುವುದಿಲ್ಲ. ಮುಚ್ಚಿದ ಬ್ರೇಕಿನಲ್ಲಿ ಇದು ಕಣ್ಣಿಗೆ ಕಾಣದು. ಸಂದಿ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ತೂರಿಸಲು ತಿರುಪಿನ ಮುಚ್ಚಳ ಇಡಿಸಿ. ನೋಡುವಾಗ ಮೂಟೆ ನೆಲದ ಮೇಲಿರಲಿ.

ಹೊಸ ಬ್ರೇಕ್ ಹಾಕಿದ ಮೇಲೂ ಸ್ವಿಚ್ ಬಿಟ್ಟ ಕೂಡಲೇ ನಿಲ್ಲದೆ ಒಂದಿಷ್ಟು ಜಾರಿ ನಿಂತರೆ ತೌಡನ್ನು ಬೈಯಬೇಡಿ. ರೆಕ್ಟಿಫೈಯರ್‌ನ ಎಸಿ ಕಡೆ ಮಾತ್ರ ಕಟ್ ಮಾಡಿದರೆ ಕಾಯಿಲ್ ಪ್ಲೇಟನ್ನು ನಿಧಾನವಾಗಿ ಬಿಡುತ್ತದೆ, ಬ್ರೇಕ್ ತಡವಾಗಿ ಹಿಡಿಯುತ್ತದೆ. ಡಿಸಿ ಕಡೆಯಲ್ಲೂ ಕಟ್ ಆಗುವ ಹಾಗೆ ವೈರಿಂಗ್ ಮಾಡಿಸಿ ನೋಡಿ.