ಹ್ಯಾಂಡ್ ಬ್ರೇಕ್ ಆಮೇಲೆ, ಮೊದಲು ಬ್ರೇಕ್

ಪ್ರಶ್ನೆ: ನನಗೆ 23 ವರ್ಷ. ಹಳೆಯದೊಂದು ಸ್ವಿಫ್ಟ್ ಇದೆ. ನಮ್ಮ ಕಡೆ ಗದ್ದೆಯಲ್ಲಿ ನಡೆಯುವ ಆಟೊಕ್ರಾಸ್ (ಮಣ್ಣಿನ ಹಾದಿಯ ಕಾರ್ ಸ್ಪರ್ಧೆ) ನೋಡಿದಾಗಿನಿಂದ ಅದರದ್ದೇ ಹುಚ್ಚು. ಹ್ಯಾಂಡ್ ಬ್ರೇಕ್ ಟರ್ನ್, ಡ್ರಿಫ್ಟ್, ಜೆ-ಟರ್ನ್ ಎಲ್ಲ ಕಲಿಯಬೇಕು. ರಾತ್ರಿ ಹೊತ್ತು ಮಾಕುಟ್ಟ ರಸ್ತೆಯಲ್ಲಿ ಪ್ರಾಕ್ಟೀಸ್ ಮಾಡೋಣ ಅಂತಾರೆ ಸ್ನೇಹಿತರು. ಎಲ್ಲಿಂದ ಶುರು ಮಾಡಲಿ ಸರ್?
– ಹೆಸರು ಬೇಡ, ಗೋಣಿಕೊಪ್ಪ

ಉತ್ತರ: ಮಾಕುಟ್ಟ ಬೇಡ. ಅಲ್ಲಿ ತಿರುವಿನಾಚೆ ಕೇರಳದಿಂದ ಹತ್ತಿ ಬರುವ ಲಾರಿ ಇರಬಹುದು, ಆನೆಯೂ ಇರಬಹುದು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ರೇಸಿನಲ್ಲಿ ಗಾಡಿ ಜಖಂ ಆದರೆ ಮಾಮೂಲಿ ಇನ್ಶೂರೆನ್ಸ್ ಕೂಡ ಕೈಗೆ ಬರುವುದಿಲ್ಲ.

ಹುತ್ತರಿ ಕಳೆದು ಭತ್ತ ಒಳಗೆ ಬಂದ ಮೇಲೆ ಒಣಗಿದ ಗದ್ದೆ ಸಿಗುತ್ತದಲ್ಲ, ಅದೇ ನಿಮ್ಮ ಶಾಲೆ. ಗದ್ದೆಯವರನ್ನು ಕೇಳಿಯೇ ಇಳಿಯಿರಿ. ಬದುವಿನಿಂದ ಮಾತ್ರ ಚೆನ್ನಾಗಿ ದೂರವಿರಿ. ಅಡ್ಡ ಜಾರುತ್ತಿರುವ ಕಾರಿನ ಚಕ್ರ ಬದುವಿಗೆ ತಗುಲಿದರೆ ಗಾಡಿ ಅಲ್ಲೇ ಮಗುಚುತ್ತದೆ. ಗದ್ದೆಯಲ್ಲಿ ಪಲ್ಟಿ ಹೊಡೆಸುವುದು ಬರೀ ವೇಗವಲ್ಲ, ಹೀಗೆ ಕಾಲಿಗೆ ತೊಡರುವ ಅಡ್ಡಿ.

ಇನ್ನು ಕಲಿಕೆ. ನೀವು ಹೆಸರಿಸಿದ ಮೂರರಲ್ಲಿ ಯಾವುದನ್ನೂ ಮೊದಲ ದಿನ ಮುಟ್ಟಬೇಡಿ. ಸೀಟು ಸರಿ ಮಾಡಿಕೊಳ್ಳಿ: ಬೆನ್ನು ಸೀಟಿಗೆ ಒರಗಿರುವಾಗಲೇ ಮಣಿಕಟ್ಟು ಸ್ಟಿಯರಿಂಗಿನ ತುದಿಗೆ ಮುಟ್ಟಬೇಕು, ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಆಮೇಲೆ ಬ್ರೇಕ್. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದು, ಒಂದು ಗುರುತಿನ ಹತ್ತಿರ ಬಲವಾಗಿ ಒತ್ತಿ ನಿಲ್ಲಿಸಿ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗುತ್ತದೆ. ಏನೋ ಮುರಿಯಿತು ಎಂದು ಹೆದರಿ ಕಾಲು ತೆಗೆಯುವವರೇ ಜಾಸ್ತಿ. ತೆಗೆಯಬೇಡಿ, ಒತ್ತಿ ಹಿಡಿದೇ ಸ್ಟಿಯರಿಂಗ್ ತಿರುಗಿಸಿ ನೋಡಿ. ಎಬಿಎಸ್ ಇಲ್ಲದಿದ್ದರೆ ಮುಂದಿನ ಚಕ್ರ ಲಾಕ್ ಆದೊಡನೆ ಸ್ಟಿಯರಿಂಗ್ ಕೆಲಸ ಮಾಡುವುದಿಲ್ಲ, ಸ್ವಲ್ಪ ಸಡಿಲ ಬಿಟ್ಟರೆ ಮತ್ತೆ ಹಿಡಿಯುತ್ತದೆ. ಆ ಅಂಚು ಕಾಲಿಗೆ ಗೊತ್ತಾಗುವವರೆಗೆ ಇದನ್ನೇ ಮಾಡಿ. ವೇಗ 40ರಿಂದ 80 ಆದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ದುಪ್ಪಟ್ಟಲ್ಲ, ನಾಲ್ಕು ಪಟ್ಟು.

ಇಷ್ಟು ಹೇಳಲು ಕಾರಣವಿದೆ. ಟೈರಿನ ಹಿಡಿತ ತಿಂಗಳ ಸಂಬಳದಂತೆ, ಇರುವುದು ಇಷ್ಟೇ. ಬ್ರೇಕಿಗೆ ಪೂರ್ತಿ ಖರ್ಚು ಮಾಡಿದರೆ ತಿರುವಿಗೆ ಉಳಿಯುವುದಿಲ್ಲ. ಹ್ಯಾಂಡ್ ಬ್ರೇಕ್ ಟರ್ನ್, ಡ್ರಿಫ್ಟ್ ಎನ್ನುವುದೆಲ್ಲ ಹಿಂದಿನ ಎರಡು ಟೈರಿನ ಹಿಡಿತವನ್ನು ಬೇಕೆಂದೇ ಕಳೆಯುವ ಆಟ, ಅಷ್ಟೆ.

ಸ್ವಿಫ್ಟ್ ಫ್ರಂಟ್ ವೀಲ್ ಡ್ರೈವ್, ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು ಮಾತ್ರ. ಆಕ್ಸಿಲರೇಟರ್ ಒತ್ತಿ ಹಿಂಭಾಗ ಜಾರಿಸುವ ಡ್ರಿಫ್ಟ್ ಅದರಿಂದ ಆಗದು. ಒತ್ತಿದಷ್ಟೂ ಮೂತಿ ಹೊರಗೆ ಎಳೆಯುತ್ತದೆ. ಆಗುವುದು ಇದು: ತಿರುವಿನ ನಡುವೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿ ಹೊರಕ್ಕೆ ಜಾರುತ್ತದೆ. ಮಳೆಯಲ್ಲಿ ಘಾಟಿ ರಸ್ತೆಯಲ್ಲಿ ಗಾಬರಿಯಾದವರ ಕಾರು ಸುತ್ತುವುದೂ ಬಹಳ ಸಲ ಹೀಗೆಯೇ. ಗದ್ದೆಯಲ್ಲಿ 30ರಲ್ಲಿ ಇದನ್ನು ಹತ್ತಾರು ಸಲ ಮಾಡಿ. ಹಿಂಭಾಗ ಜಾರಿದೊಡನೆ ಬ್ರೇಕ್ ಮುಟ್ಟದೆ, ಹೋಗಬೇಕಾದ ಕಡೆಗೆ ಕಣ್ಣಿಟ್ಟು ಸ್ಟಿಯರಿಂಗನ್ನೂ ಆ ಕಡೆಗೇ ತಿರುಗಿಸಿ. ಮರವನ್ನೇ ನೋಡುತ್ತಿದ್ದರೆ ಮರಕ್ಕೇ ಹೋಗುತ್ತೀರಿ.

ಇದು ಬಂದ ಮೇಲೆ ಹ್ಯಾಂಡ್ ಬ್ರೇಕ್. ಎರಡನೇ ಗೇರ್, 30–35 ವೇಗ. ಲಿವರಿನ ಬಟನ್ ಒತ್ತಿಯೇ ಇರಲಿ. ಆಕ್ಸಿಲರೇಟರ್ ಬಿಟ್ಟು, ಮೊದಲು ಸ್ಟಿಯರಿಂಗ್ ತಿರುಗಿಸಿ, ಕ್ಲಚ್ ಒತ್ತಿ, ಲಿವರ್ ಒಮ್ಮೆ ಜೋರಾಗಿ ಎಳೆದು ಬಿಡಿ. ಸ್ಟಿಯರಿಂಗಿಗೆ ಮೊದಲೇ ಎಳೆದರೆ ಕಾರು ನೇರ ಹೋಗಿ ನಿಲ್ಲುತ್ತದೆ. ಕ್ಲಚ್ ಮರೆತರೆ ಎಂಜಿನ್ ಆಫ್ ಆಗಬಹುದು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಹೊಸ ಕಾರುಗಳಲ್ಲಿ ಈ ಆಟ ನಡೆಯುವುದಿಲ್ಲ. ಆಮೇಲೆ ಕೇಬಲ್ ಸಡಿಲಾಗಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ಇಳಿಜಾರಿನಲ್ಲಿ ಪಾರ್ಕ್ ಮಾಡುವ ಊರು ನಮ್ಮದು.

ಜೆ-ಟರ್ನ್ ಬಗ್ಗೆ ನನಗೆ ಆಸಕ್ತಿಯಿಲ್ಲ. ರಿವರ್ಸಿನಲ್ಲಿ ಜೋರಾಗಿ ಬಂದು ಮೂತಿ ತಿರುಗಿಸುವುದು ನೋಡಲು ಚೆಂದ, ಗೇರ್‌ಬಾಕ್ಸಿಗೆ ಹಿಂಸೆ, ಆಟೊಕ್ರಾಸಿಗೆ ನಿಷ್ಪ್ರಯೋಜಕ. ಎತ್ತರದ ಜೀಪಿನಲ್ಲಂತೂ ಯೋಚಿಸಲೂ ಬೇಡಿ. ಸ್ಪರ್ಧೆಗೆ ಇಳಿಯುವುದಾದರೆ ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ) ಮಾನ್ಯತೆ ಇರುವುದನ್ನೇ ಆರಿಸಿ. ಹೆಲ್ಮೆಟ್, ಬೆಲ್ಟ್, ಗಾಡಿ ತಪಾಸಣೆ ಎಲ್ಲ ಅಲ್ಲಿ ಕಡ್ಡಾಯ.

ಪ್ರಶ್ನೆ: ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತದೆ. ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅಂತಾರೆ ನಮ್ಮ ಯಜಮಾನರು. ಹೌದಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಇಲ್ಲ ಮೇಡಂ. ಈಗಿನ ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರ್ ಇದ್ದು ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಯುತ್ತಿರಲು ಅದಕ್ಕೆ ಪೆಟ್ರೋಲ್ ಬೇಕು. ಯಜಮಾನರಿಗೆ ಇದನ್ನು ಓದಿ ಹೇಳಿ. ಎಂಜಿನ್ನೇ ಆಫ್ ಮಾಡಿ ಇಳಿಯುವುದು ಇನ್ನೂ ಅಪಾಯ: ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಹತ್ತುವಾಗ ಬೇಕಾದ ಗೇರೇ ಇಳಿಯುವಾಗಲೂ ಇರಲಿ, ಎರಡನೆಯದೋ ಮೂರನೆಯದೋ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ತಿರುವಿಗೆ ಮೊದಲು ಬಲವಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ವಾಸನೆ ಬಂದರೆ ಅಗಲ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ, ನೀರು ಸುರಿಯಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಡೆಯುತ್ತದೆ, ತೇವ ಹೀರಿದ ಮೇಲೆ 155ರ ಆಸುಪಾಸಿನಲ್ಲೇ ಕುದಿಯಬಹುದು. ಕುದಿದರೆ ಪೆಡಲ್ ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಪ್ರಶ್ನೆ: ಮಳೆಗಾಲದಲ್ಲಿ ತೋಟದ ಇಳಿಜಾರಿನಲ್ಲಿ ಫೋರ್ ವೀಲ್ ಹಾಕಿದರೂ ಜೀಪ್ ನೇರ ಜಾರುತ್ತದೆ. ಏಕೆ?
– ಸೋಮವಾರಪೇಟೆ ಓದುಗರು

ಉತ್ತರ: ಫೋರ್ ವೀಲ್ ಹತ್ತಿಸುತ್ತದೆ, ಹಿಡಿತವನ್ನು ಹೆಚ್ಚಿಸುವುದಿಲ್ಲ. ನೆರಳಿನ ಕಾಂಕ್ರೀಟ್ ಮೇಲೆ ಪಾಚಿ, ಅದರ ಮೇಲೆ ಸಿಲ್ವರ್ ಓಕ್ ಎಲೆ. ಅಲ್ಲಿ ಲೋ ಗೇರ್ ಹಾಕಿ, ಬ್ರೇಕ್ ಮುಟ್ಟದೆ ಎಂಜಿನ್ ಹಿಡಿತದಲ್ಲೇ ಇಳಿಸಿ. ಡಾಂಬರಿಗೆ ಬಂದೊಡನೆ ಫೋರ್ ವೀಲ್ ತೆಗೆಯಿರಿ, ಇಲ್ಲದಿದ್ದರೆ ಬಿಗಿ ತಿರುವಿನಲ್ಲಿ ಸ್ಟಿಯರಿಂಗ್ ಗಟ್ಟಿಯಾಗಿ ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟಾಗುತ್ತದೆ. ಟೈರಿನ ತೋಡು ಎಷ್ಟಿದೆ, ಒಮ್ಮೆ ನೋಡಿ.