ಪಫ್ಡ್ ರೈಸ್‌ಗೆ ‘ಎ’ ಬೇಡ

ನಮಸ್ಕಾರ,

ದಾವಣಗೆರೆಯ ಮಂಡಕ್ಕಿ-ಮಿರ್ಚಿ ಅಂಗಡಿಗಳ ಬಗ್ಗೆ ನೀವು ಕಳಿಸಿದ ಇಂಗ್ಲಿಷ್ ಲೇಖನ ಓದಿದೆವು. ಸದ್ಯಕ್ಕೆ ವಾಪಸು ಕಳಿಸುತ್ತಿದ್ದೇವೆ. ಸರಕು ಚೆನ್ನಾಗಿದೆ, ಕೆಟ್ಟಿರುವುದು ವ್ಯಾಕರಣದ ಆರ್ಟಿಕಲ್, ಅಂದರೆ ‘ಎ’, ‘ಆ್ಯನ್’, ‘ದಿ’. ಅದರಲ್ಲೂ ಭೂತಕೃದಂತ, ಅಂದರೆ ಫ್ರೈಡ್, ಕ್ಲೋಸ್ಡ್, ಬ್ರೋಕನ್ ಥರದ ಪದ ಬಂದಲ್ಲೆಲ್ಲ ಎಡವಿದ್ದೀರಿ.

ಮೊದಲ ಸಾಲೇ ನೋಡಿ: ‘ವಿ ಏಟ್ ಎ ಪಫ್ಡ್ ರೈಸ್.’ ಆರ್ಟಿಕಲ್‌ನ ನಂಟು ನಾಮಪದದ ಜೊತೆ, ಕೃದಂತದ ಜೊತೆ ಅಲ್ಲ. ‘ಪಫ್ಡ್’ ಮೇಲೆ ಬೆರಳಿಟ್ಟು ಓದಿ, ‘ಎ ರೈಸ್’ ಉಳಿಯುತ್ತದೆ. ಅಕ್ಕಿಯನ್ನು ಒಂದು, ಎರಡು ಅಂತ ಎಣಿಸುವುದಿಲ್ಲ, ಹಾಗಾಗಿ ‘ಎ’ ನಿಲ್ಲದು. ತಟ್ಟೆ ಲೆಕ್ಕ ಬೇಕಿದ್ದರೆ ‘ಎ ಪ್ಲೇಟ್ ಆಫ್ ಪಫ್ಡ್ ರೈಸ್’ ಅನ್ನಿ. ಮಿರ್ಚಿಯನ್ನಾದರೆ ಎಣಿಸಿ ಕೊಡುತ್ತಾರೆ, ‘ಎ ಫ್ರೈಡ್ ಚಿಲ್ಲಿ’ ಸರಿ. ನೀವು ಅಲ್ಲೇ ‘ಎ’ ಬಿಟ್ಟಿದ್ದೀರಿ!

ಆರ್ಟಿಕಲ್ ಬೇಕೋ ಬೇಡವೋ ಅನ್ನುವುದು ನಾಮಪದದ ತೀರ್ಮಾನ. ‘ಎ’ನೋ ‘ಆ್ಯನ್’ನೋ ಅನ್ನುವುದು ಮಾತ್ರ ಪಕ್ಕದ ಪದದ ಉಚ್ಚಾರದ್ದು. ‘ಎ ಮಿಲ್’, ಆದರೆ ‘ಆ್ಯನ್ ಅಬ್ಯಾಂಡನ್ಡ್ ಮಿಲ್’. ಆ ಪದವನ್ನು ಕನ್ನಡದಲ್ಲಿ ಬರೆದು ನೋಡಿ, ಸ್ವರದಿಂದ ಶುರುವಾದರೆ ‘ಆ್ಯನ್’. ‘ಯೂಸ್ಡ್’ ಯಕಾರದಿಂದ ಶುರು, ಆದ್ದರಿಂದ ‘ಎ ಯೂಸ್ಡ್ ಬುಕ್’. ‘ಅನ್‌ಯೂಸ್ಡ್’ಗೆ ‘ಆ್ಯನ್’. ‘ಆನರ್ಡ್ ಗೆಸ್ಟ್’ಗೂ ‘ಆ್ಯನ್’, ಅಲ್ಲಿ ಹಕಾರ ಬರಹದಲ್ಲಷ್ಟೇ ಇದೆ. ಈ ಉಪಾಯಕ್ಕೆ ನಮ್ಮ ಕಡೆಯ ನಾಲಿಗೆಯೇ ಶತ್ರು. ‘ಯೆಜುಕೇಟೆಡ್’, ‘ವೋಪನ್ಡ್’ ಅಂತ ಉಚ್ಚರಿಸಿದರೆ ಲೆಕ್ಕ ತಪ್ಪುತ್ತದೆ. ನೀವು ‘ಎ ಎಜುಕೇಟೆಡ್ ಮ್ಯಾನ್’ ಅಂತ ಬರೆದದ್ದು ಹೀಗೇ ಇರಬೇಕು.

‘ದಿ ಮಿಲ್ ವಾಸ್ ಎ ಕ್ಲೋಸ್ಡ್’ ಅನ್ನುವುದಂತೂ ವಾಕ್ಯವೇ ಅಲ್ಲ. ‘ಮುಚ್ಚಿದ ಮಿಲ್’ ಬೇರೆ, ‘ಮಿಲ್ ಮುಚ್ಚಿತ್ತು’ ಬೇರೆ ಎಂಬುದು ನಿಮಗೆ ಕನ್ನಡದಲ್ಲಿ ಗೊತ್ತೇ ಇದೆ. ‘ಎ ಕ್ಲೋಸ್ಡ್ ಮಿಲ್’ನಲ್ಲಿ ‘ಎ’ಗೆ ಆಸರೆಯಾಗಿ ಮುಂದೆ ನಾಮಪದವಿದೆ. ‘ವಾಸ್ ಕ್ಲೋಸ್ಡ್’ ಮುಂದೆ ಏನೂ ಇಲ್ಲ.

‘ದಿ ಇಂಜ್ಯೂರ್ಡ್ಸ್ ವಾಸ್’ ತಪ್ಪು. ‘ದಿ ಇಂಜ್ಯೂರ್ಡ್’ ಅಂದರೇ ಗಾಯಗೊಂಡವರು, ಬಹುವಚನ. ‘ಎಸ್’ ಕಿತ್ತು ‘ವರ್’ ಹಾಕಿ. ಒಬ್ಬನೇ ಆದರೆ ‘ಆ್ಯನ್ ಇಂಜ್ಯೂರ್ಡ್ ಮ್ಯಾನ್’. ‘ದಿ ಅಕ್ಯೂಸ್ಡ್’ ಮಾತ್ರ ಒಬ್ಬ ಆರೋಪಿಗೂ ಆಗುತ್ತದೆ, ಹಲವರಿಗೂ ಆಗುತ್ತದೆ.

ಚಿತ್ರದುರ್ಗದ ಕಡೆ ಹೊರಳಿದಾಗ ‘ವಾಣಿ ವಿಲಾಸ ಸಾಗರ ಈಸ್ ದಿ ಡ್ಯಾಮ್ ಕಂಪ್ಲೀಟೆಡ್ ಇನ್ 1907’ ಎಂದಿದ್ದೀರಿ. ಕೃದಂತ ನಾಮಪದದ ನಂತರ ಬಂದ ಮಾತ್ರಕ್ಕೆ ‘ದಿ’ ಕಡ್ಡಾಯವಲ್ಲ. ಹಾಗೆ ಬರೆದರೆ ಆ ವರ್ಷ ಮುಗಿದದ್ದು ಅದೊಂದೇ ಅಣೆಕಟ್ಟು ಎಂದಾಗುತ್ತದೆ. ಊರು ಗೊತ್ತಿಲ್ಲದ ಓದುಗನಿಗೆ ಮೊದಲ ಸಲ ಹೇಳುವಾಗ ‘ಎ ಡ್ಯಾಮ್’, ಮುಂದಿನ ಸಾಲಿನಿಂದ ‘ದಿ ಡ್ಯಾಮ್’.

ತಿದ್ದಲು ಕೂತಾಗ ಪೆನ್ಸಿಲ್ ಹಿಡಿದು ಕೃದಂತಗಳಿಗೆಲ್ಲ ಅಡಿಗೆರೆ ಎಳೆದುಕೊಂಡು, ಒಂದೊಂದರ ಮೇಲೂ ಬೆರಳಿಟ್ಟು ಓದುತ್ತಾ ಬನ್ನಿ. ಮೆಣಸಿನಕಾಯಿ ಸೀಳಿ ಹಿಟ್ಟಿನಲ್ಲಿ ಅದ್ದುವ ಪ್ಯಾರಾ ಮಾತ್ರ ಮುಟ್ಟಬೇಡಿ, ಅದು ಹಾಗೇ ಅಚ್ಚಿಗೆ ಹೋಗುತ್ತದೆ.

ಸಂಪಾದಕರು